ಮೇಲ್ ಗಾಡಿಯ ಸಾರು

ನಿನ್ನೆ ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದ ಬದಲಾಯಿಸೋಣವೆಂದು ಕೂತೆ. ಸೀರೆಗಳನ್ನೆಲ್ಲ ತೆಗೆದ ಮೇಲೆ ಅಡಿಯಲ್ಲಿ ಹಳೆಯ ಹಾಜರಿ ಪುಸ್ತಕವೊಂದು ಸಿಕ್ಕಿತು. ಬಿಡಿಸಿದರೆ ಶ್ರಾವಣ ಮಾಸದ ಹಾಳೆಯಲ್ಲಿ ಅಂಟು ಹಚ್ಚಿ ಮೆತ್ತಿದ ಒಂದೇ ಒಂದು ತೊಗರಿಬೇಳೆ. ಪಕ್ಕದಲ್ಲಿ ನನ್ನದೇ ದುಂಡಗಿನ ಅಕ್ಷರ: ‘ಮೂರು ತಾಸು ಕುದಿದದ್ದು. ಸೋಮವಾರ.’ ಬೇಳೆ ಅಂಗಡಿಯಿಂದ ಈಗ ತಾನೇ ಬಂದಂತಿತ್ತು. ಐದು ವರ್ಷ ಟ್ರಂಕಿನ ಭಾರ ಹೊತ್ತರೂ ಅಂಚು ಸವೆದಿರಲಿಲ್ಲ. ಉಗುರಿನಿಂದ ಒತ್ತಿ ನೋಡಿದೆ. ಸೋತದ್ದು ಉಗುರು.

ಹಾಜರಿ ಪುಸ್ತಕಕ್ಕೂ ಬೇಳೆಗೂ ಏನು ಸಂಬಂಧ ಎಂದು ನೀವು ಕೇಳುವಿರಿ. ನಮ್ಮ ಅಪ್ಪ ಮಡಕಶಿರದ ಬೋರ್ಡ್ ಶಾಲೆಯಲ್ಲಿ ಮೇಷ್ಟ್ರು. ಒಂದೇ ಕೋಣೆಯಲ್ಲಿ ಬೆಳಿಗ್ಗೆ ತೆಲುಗು, ಮಧ್ಯಾಹ್ನ ಕನ್ನಡ. ಮಕ್ಕಳು ಕಡಿಮೆ, ಮದರಾಸಿನಿಂದ ಬರುವ ಹಾಜರಿ ಪುಸ್ತಕಗಳು ಹೆಚ್ಚು. ನನ್ನ ಮದುವೆಯಾದಾಗ ಅಪ್ಪ ಒಂದು ಖಾಲಿ ಪುಸ್ತಕ ಕೊಟ್ಟು, “ಇದರಲ್ಲಿ ದಿನಚರಿ ಬರ್ಕೊ ಮಗಳೇ, ಏನಾರ ಎಣಿಸ್ದೆ ಇದ್ರೆ ನಿಂಗೆ ಅನ್ನ ಸೇರಾಕಿಲ್ಲ” ಎಂದರು. ಅದು ನಿಜ. ಚಿಕ್ಕಂದಿನಿಂದ ನನಗೆ ಎಣಿಸುವ ಚಾಳಿ. ನಮ್ಮ ಬೆಟ್ಟದ ಕೋಟೆಯ ಮೆಟ್ಟಿಲುಗಳನ್ನು ಏಳು ಸಲ ಎಣಿಸಿದ್ದೇನೆ, ಏಳು ಬೇರೆ ಬೇರೆ ಉತ್ತರ ಬಂದಿವೆ. ಸಂತೆಯ ದಿನ ಪಾವಗಡದ ಕಡೆಗೆ ಹೋಗುವ ಬಂಡಿಗಳು, ಅವುಗಳಲ್ಲಿ ಕಡಲೆಕಾಯಿ ಚೀಲ ಎಷ್ಟು, ಚೀಲದ ಮೇಲೆ ಮಲಗಿದವರು ಎಷ್ಟು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಕಡಿಯುವ ಸಪ್ಪಳ ಯಾರೋ ಪಕ್ಕದ ಕೋಣೆಯಲ್ಲಿ ಗುಟ್ಟಾಗಿ ಕಾಗದ ಹರಿಯುವಂತಿರುತ್ತದೆ. ಅವುಗಳನ್ನೂ ಎಣಿಸಲು ಹೋಗಿ ತಟ್ಟೆ ಬೀಳಿಸಿ ಅಮ್ಮನಿಂದ ಏಟು ತಿಂದಿದ್ದೇನೆ. ಏಟು ನಾಲ್ಕು.

ಹೆಣ್ಣು ನೋಡಲು ಬಂದ ದಿನವೂ ತಲೆ ತಗ್ಗಿಸಿಕೊಂಡು ಅತ್ತೆಯ ಪ್ರಶ್ನೆಗಳನ್ನು ಎಣಿಸಿದೆ. ಹದಿನಾಲ್ಕು. ಒಂಬತ್ತು ಅಡುಗೆಯವು, ನಾಲ್ಕು ಆರೋಗ್ಯದವು, ಒಂದು ನನ್ನ ಜಡೆ ನಿಜವೋ ಚವರಿಯೋ ಎಂಬುದು. ಅತ್ತೆಯ ಹೆಸರು ಹಂಪಮ್ಮ. ಬೆಳುಗುಪ್ಪದಲ್ಲಿ ಅವರಿಗೆ ಒಣ ಹೊಲವೂ ಕುರಿ ಹಿಂಡೂ ಇದ್ದವು. ಹುಟ್ಟಿದ್ದು ಮಾತ್ರ ನಮ್ಮ ಕಡೆಯ ರತ್ನಗಿರಿಯಲ್ಲಿ. ಅಲ್ಲಿರುವ ಅವರ ತಮ್ಮನೇ ಈ ಸಂಬಂಧ ಕೂಡಿಸಿದ್ದು. ಅವರ ಕಿರಿಯ ಮಗ ರೈಲ್ವೆಯಲ್ಲಿ ಫೈರ್‌ಮನ್, ಎಂದರೆ ಇಂಜಿನ್ನಿನ ಬಾಯಿಗೆ ಕಲ್ಲಿದ್ದಲು ಉಣ್ಣಿಸುವವರು. ಇವರನ್ನು ಮದುವೆಯಾಗಿ ನಾನು ಹದಿನೆಂಟನೇ ವಯಸ್ಸಿನಲ್ಲಿ ರಾಯದುರ್ಗಕ್ಕೆ ಬಂದೆ.

ಗಂಡನ ಹೆಸರು ಹೇಳಬಾರದೆಂದು ಎಲ್ಲರೂ ಬುದ್ಧಿ ಹೇಳಿ ಕಳಿಸಿದ್ದರು. ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಹಾಜರಿ ಪುಸ್ತಕದ ಒಂದನೇ ನಂಬರಿನ ಎದುರು ಧೈರ್ಯವಾಗಿ ‘ತಿಪ್ಪೇಸ್ವಾಮಿ’ ಎಂದು ಬರೆದೆ. ಮುಂದೆ ಮೂವತ್ತೊಂದು ಖಾನೆ. ಮನೆಯಲ್ಲಿ ಊಟ ಮಾಡಿದರೆ ‘ಹಾ’, ಹಾಜರು. ಮಾಡದಿದ್ದರೆ ‘ಗೈ’, ಗೈರುಹಾಜರು. ಎರಡನೇ ನಂಬರಿನಲ್ಲಿ ‘ಬೇಳೆ’. ಬೆಂದರೆ ಹಾಜರು, ಬೇಯದಿದ್ದರೆ ಗೈರು. ಆ ಪುಸ್ತಕವನ್ನು ಈಗ ಯಾವ ಇನ್‌ಸ್ಪೆಕ್ಟರ್ ನೋಡಿದರೂ ಆ ಶಾಲೆಯನ್ನು ಮುಚ್ಚಿಸುತ್ತಿದ್ದ.

ಇಬ್ಬರ ಗೈರುಹಾಜರಿಯ ಗುಟ್ಟೂ ಇದ್ದದ್ದು ಒಂದು ಬೋಗಿಯಲ್ಲಿ.

ಇವರು ಕೆಲಸ ಮಾಡುವುದು ಮೇಲ್ ಗಾಡಿಯಲ್ಲಿ. ಮೇಲ್ ರಾಯದುರ್ಗಕ್ಕೆ ಬರುವುದಿಲ್ಲ, ಬಳ್ಳಾರಿಯ ಮೇಲೆ ಹಾದುಹೋಗುತ್ತದೆ. ದೂರದ ಓಟವಾದ್ದರಿಂದ ಎರಡು ತಂಡ. ಒಂದು ತಂಡ ಇಂಜಿನ್ ನಡೆಸುವಾಗ ಇನ್ನೊಂದು ತಂಡ ಇಂಜಿನ್ನಿನ ಬೆನ್ನಿಗೇ ಕಟ್ಟಿದ ಕ್ರೂ ಬೋಗಿಯಲ್ಲಿ ಮಲಗಿರುತ್ತದೆ. ನಡುವೆ ಗಾಡಿ ನಿಂತಲ್ಲಿ ಅವರು ಇಳಿದು ಇವರು ಹತ್ತುತ್ತಾರೆ. ಆ ಬೋಗಿಯಲ್ಲಿ ಮಲಗಲು ಮರದ ಹಲಗೆಗಳು, ಕೋಟು ತಗುಲಿಸಲು ಹಿತ್ತಾಳೆಯ ಕೊಕ್ಕೆಗಳು, ಒಂದು ಮೂಲೆಯಲ್ಲಿ ಇದ್ದಲಿನ ಒಲೆ, ಚಾವಣಿಯಲ್ಲಿ ನೀರಿನ ತೊಟ್ಟಿ. ಓಟ ಮುಗಿದ ಮೇಲೆ ಬೋಗಿಯನ್ನು ಬಳ್ಳಾರಿಯಲ್ಲಿ ಬಿಚ್ಚಿ ನಮ್ಮ ಕವಲು ದಾರಿಯ ಗಾಡಿಗೆ ಕಟ್ಟಿ ರಾಯದುರ್ಗಕ್ಕೆ ತರುತ್ತಿದ್ದರು, ಏಕೆಂದರೆ ಆ ಜನರಲ್ಲಿ ಹೆಚ್ಚಿನವರ ಮನೆ ಇಲ್ಲಿಯೇ. ಎರಡು ಮೂರು ದಿನ ಅದು ಸ್ಟೇಷನ್ನಿನ ಹಿಂದೆ ಬೇವಿನ ಮರದ ಕೆಳಗೆ ನಿಂತು ಸುಧಾರಿಸಿಕೊಂಡು ಮತ್ತೆ ಹೋಗುತ್ತಿತ್ತು.

ಆ ಬೋಗಿಯ ಕಟ್ಟಳೆ ಎರಡು. ಮಲಗುವ ತಂಡವೇ ದುಡಿಯುವ ತಂಡಕ್ಕೆ ಅಡುಗೆ ಮಾಡಬೇಕು. ಇಂಜಿನ್ನಿನಿಂದ ಇಳಿದವನು ತಟ್ಟೆಯ ಮುಂದೆ ಕಾಯಬಾರದು. ಇನ್ನೊಂದು, ಓಟದ ಕೊನೆಯಲ್ಲಿ ಪಾತ್ರೆಯ ತಳ ಕಾಣುವವರೆಗೆ ಎಲ್ಲರೂ ಉಂಡು, ತೊಳೆದು, ಬೋರಲು ಹಾಕಿಯೇ ಇಳಿಯಬೇಕು. ಹೀಗಾಗಿ ಆ ಬೋಗಿಯಿಂದ ಹಸಿದವನು ಇಳಿದದ್ದಿಲ್ಲ. ಇದ್ದಲು ಮೆತ್ತಿದ ಮುಖ, ತುಂಬಿದ ಹೊಟ್ಟೆ, ಮೀಸೆಯಲ್ಲಿ ಸಾರಿನ ಘಮ. ನಮ್ಮ ಓಣಿಯ ಹೆಂಗಸರು ಅದಕ್ಕೆ ‘ಸವತಿ ಬೋಗಿ’ ಎಂದು ಹೆಸರಿಟ್ಟಿದ್ದರು.

ಸವತಿ ಇವರ ನಿದ್ದೆಯನ್ನೂ ಕೆಡಿಸಿದ್ದಳು. ಬೋಗಿಯಲ್ಲಿ ಮಲಗಿ ಅಭ್ಯಾಸವಾದವರಿಗೆ ಅಲ್ಲಾಡದ ನೆಲದ ಮೇಲೆ ಕಣ್ಣು ಹತ್ತುವುದಿಲ್ಲ. ಮಧ್ಯಾಹ್ನ ಉಯ್ಯಾಲೆಯ ಹಲಗೆಯ ಮೇಲೆ ಮಲಗಿ, “ಸ್ವಲ್ಪ ತೂಗು” ಎನ್ನುತ್ತಿದ್ದರು. ಮದುವೆಯಾದ ಮೂರೇ ತಿಂಗಳಿಗೆ ನನ್ನ ಮನೆಯಲ್ಲಿ ತೂಗುವ ತೊಟ್ಟಿಲಿತ್ತು, ಅದರಲ್ಲಿ ಐದಡಿ ಎಂಟಂಗುಲದ ಮೀಸೆಯಿರುವ ಮಗು. ತೂಗುವುದನ್ನು ನಿಲ್ಲಿಸಿದೊಡನೆ ಕಣ್ಣು ಬಿಟ್ಟು, “ಯಾವ ಸ್ಟೇಷನ್?” ಎಂದು ಕೇಳುತ್ತಿದ್ದರು. ನಾನು ಒಂದು ದಿನ “ಮಡಕಶಿರ” ಎಂದೆ. “ಅಲ್ಲಿಗೆ ರೈಲs ಇಲ್ಲ” ಎಂದು ಮತ್ತೆ ನಿದ್ದೆ ಹೋದರು.

ಇರಲಿ. ನಾನು ಹೇಳಹೊರಟಿದ್ದು ಬೇಳೆಯ ವಿಷಯ.

ತವರಿನಲ್ಲಿ ಅಮ್ಮ ಒಲೆ ಹಚ್ಚುತ್ತಾಳೆಂಬ ಸುದ್ದಿ ಕೇಳಿದರೆ ಸಾಕು, ಬೇಳೆ ಕರಗುತ್ತಿತ್ತು. ನಾನೂ ಅಲ್ಲಿ ಎಷ್ಟೋ ಸಲ ಮಾಡಿದ್ದೆ. ರಾಯದುರ್ಗದಲ್ಲಿ ಮಾತ್ರ ಬೇಳೆ ನನ್ನ ಮೇಲೆ ಹಗೆ ಸಾಧಿಸತೊಡಗಿತು. ಎಷ್ಟು ಕುದಿಸಿದರೂ ಕಾಳು ಕಾಳಾಗಿ ಪಾತ್ರೆಯಲ್ಲಿ ಸುತ್ತುತ್ತಿತ್ತು. ಮೇಲೆ ತಿಳಿನೀರು, ತಳದಲ್ಲಿ ಜಲ್ಲಿ. ಇವರು ಬೋಗಿ ಇಳಿದು ಬಂದ ದಿನ ಒಂದು ತುತ್ತು ಬಾಯಿಗಿಟ್ಟು, ನಾಲಿಗೆಯಿಂದ ಒಂದೊಂದೇ ಬೇಳೆಯನ್ನು ಕೆನ್ನೆಗೆ ಸರಿಸಿ, “ಹೊಟ್ಟಿ ತುಂಬೈತಿ” ಎಂದು ಕೈ ತೊಳೆಯುತ್ತಿದ್ದರು. ಜೋಳದ ರೊಟ್ಟಿಯ ದಿನ ಪರವಾಗಿಲ್ಲ. ಸಾರಿನ ದಿನ ಗೈರು. ಶ್ರಾವಣದ ಕೊನೆಗೆ ಲೆಕ್ಕ ಹಾಕಿದೆ. ಮದುವೆಯಾದಾಗಿನಿಂದ ಸಾರಿನ ದಿನ ಬೋಗಿ ಬಂದದ್ದು ಹನ್ನೊಂದು ಸಲ, ಇವರು ಗೈರಾದದ್ದು ಒಂಬತ್ತು ಸಲ. ಉಳಿದ ಎರಡರಲ್ಲಿ ಒಮ್ಮೆ ಬೋಗಿಯ ಒಲೆ ಕೆಟ್ಟಿತ್ತು, ಇನ್ನೊಮ್ಮೆ ಇವರಿಗೆ ಜ್ವರ, ರುಚಿ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಬೆಳುಗುಪ್ಪದಿಂದ ಅತ್ತೆ ಬಂದರು. ಸೊಸೆಯ ಮನೆಯ ಒಲೆ ಮುಟ್ಟಬಾರದೆಂಬುದು ಅವರ ನೇಮ. ಕಂಬಕ್ಕೆ ಒರಗಿ ಕೂತು ನನ್ನ ಕೈಯನ್ನೇ ನೋಡಿದರು. ಬಡಿಸಿದೆ. ಒಂದು ಬೇಳೆಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದರು.

“ಏನವಾ ಇದು?”

“ಬೇಳೆ ಅತ್ತೆ.”

“ಬೇಯಿಸೀದಿ?”

“ಮೂರು ತಾಸು.”

“ನನ್ನ ಕುರಿ ಹಲ್ಲು ಸೈತ ಮುರೀತಾವ.” ತಟ್ಟೆ ಸರಿಸಿದರು. “ನೋಡವಾ, ನಾ ಜಗಳದಾಕಿ ಅಲ್ಲ. ನಿಮ್ಮವ್ವಗ ನಿನ್ನ ಪುಸ್ತಕ ಓದಿಸಾಕs ಹೊತ್ತು ಸಾಲಲಿಲ್ಲ ಅಂತ ಕಾಣತೈತಿ. ಮಾರ್ನಮಿಗೆ ಮತ್ತ ಬರ್ತೀನಿ. ಆವತ್ತು ಬ್ಯಾಳಿ ಬೇಯದಿದ್ರ ನಿನ್ನ ನಾನs ಕರಕೊಂಡು ಹೋಗಿ ತವರಿಗೆ ಬಿಡತೀನಿ. ಒಂದು ವರ್ಷ ಇದ್ದು ಅಡಿಗಿ ಕಲ್ತು ಬಾ. ಬ್ಯಾಳಿ ಬೇಯಿಸಾಕ ಬರದಾಕಿ ತವರಿಗೆ. ಇದು ನನ್ನ ಮಾತು.”

ಇವರು ಬಾಯಿ ತೆರೆದರು. ಅತ್ತೆ ನೋಡಿದರು. ಇವರು ಬಾಯಿ ಮುಚ್ಚಿದರು.

ತವರಿಗೆ ಹೋಗುವುದು ಯಾರಿಗೆ ಬೇಡ? ಆದರೆ ಸೀಮಂತಕ್ಕೆ ಹೋಗುವುದು ಬೇರೆ, ಬೇಳೆ ಬೇಯಲಿಲ್ಲವೆಂದು ವಾಪಸು ಹೋಗುವುದು ಬೇರೆ. ಶಾಲೆಯ ಮಕ್ಕಳೆಲ್ಲ ಕಿಟಕಿಯಲ್ಲಿ ಇಣುಕುತ್ತಾರೆ. ಅಪ್ಪ ಅವರನ್ನು ಬೆತ್ತ ತೋರಿಸಿ ಓಡಿಸಿ ತಾವೂ ಒಳಗೆ ಬಂದು ಏನೂ ಕೇಳದೆ ಕೂರುತ್ತಾರೆ. ಅದನ್ನು ನೆನೆದೇ ನನಗೆ ಅಳು ಬಂತು. ಅತ್ತದ್ದು ಎರಡು ಸಲ. ಮೂರನೆಯ ದಿನ ಕಣ್ಣೊರೆಸಿಕೊಂಡು ಕ್ರಮವಾಗಿ ಪರೀಕ್ಷೆ ಶುರುಮಾಡಿದೆ.

ಅಪ್ಪ ಹೇಳುತ್ತಿದ್ದರು: ತಪ್ಪು ಎಲ್ಲಿದೆಯೆಂದು ಹುಡುಕುವಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ಉಳಿದದ್ದೆಲ್ಲ ಮೊದಲಿನಂತೆಯೇ ಇರಬೇಕು. ಮೊದಲು ಪಾತ್ರೆ ಬದಲಾಯಿಸಿದೆ. ಹಿತ್ತಾಳೆ, ಕಂಚು, ಮಣ್ಣು. ಗೈರು, ಗೈರು, ಗೈರು. ಸೌದೆ ಬದಲಾಯಿಸಿದೆ; ಜಾಲಿ, ಹುಣಸೆ, ಇವರು ತಂದ ರೈಲ್ವೆ ಕಂಪನಿಯ ಇದ್ದಲು. ಗೈರು. ಬೇಳೆಯನ್ನು ಮೂರು ಅಂಗಡಿಯಿಂದ ತಂದೆ. ಪೇಟೆಯ ಶೆಟ್ಟಿ ನನ್ನೆದುರಿಗೇ ಹಸಿ ಬೇಳೆ ಬಾಯಿಗೆ ಹಾಕಿಕೊಂಡು ಕಟಕಟ ಅಗಿದು, “ಬಂಗಾರಮಮ್ಮಾ, ಬಂಗಾರಂ! ಬೆಂಗಳೂರಿಗೆ ಹೋಗ್ತೈತಿ ಈ ಮಾಲು. ತಪ್ಪು ಬ್ಯಾಳಿದಲ್ಲ, ಕೈದು” ಎಂದ. ಎಣ್ಣೆ ಹಾಕಿದೆ, ಅರಿಶಿನ ಹಾಕಿದೆ, ರಾತ್ರಿಯೆಲ್ಲ ನೆನೆಹಾಕಿದೆ. ಒಂದೇ ಒಂದನ್ನು ಮಾತ್ರ, ಪರೀಕ್ಷೆ ಕೆಡಬಾರದೆಂದು, ಎಲ್ಲ ದಿನವೂ ಒಂದೇ ರೀತಿ ಇಟ್ಟೆ: ಅಳೆದು ಹಾಕುತ್ತಿದ್ದ ನಾಲ್ಕು ಚೊಂಬು ಬಾವಿಯ ನೀರು. ಓಣಿಯ ಬಾವಿ ಮನೆಯ ಹಿಂದೆಯೇ. ತಣ್ಣಗಿನ, ಕನ್ನಡಿಯಂಥ ನೀರು. ಅದರ ಮೇಲೆ ಯಾರಿಗಾದರೂ ಸಂಶಯ ಬರುತ್ತದೆಯೇ, ಹೇಳಿ.

ಪಕ್ಕದ ಮನೆಯ ಶರಣಮ್ಮ ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ನ ಹೆಂಡತಿ. ಗೋಡೆಯ ಮೇಲಿಂದ ತಲೆ ತೂರಿಸಿ ದಿನವೂ ಕೇಳುತ್ತಿದ್ದಳು, “ಏನ ತಂಗೀ, ಇವತ್ತು ಪಾಸೋ ಫೇಲೋ?”

“ಫೇಲ್ ಕಣಕ್ಕ.”

“ಸವತಿ ಮನಿಗೆ ಹೋಗಿ ಕೇಳಬಾರದೇನ? ಆಕಿ ಹೆಂಗ ಬೇಯಸ್ತಾಳಂತ?”

ಆಕೆ ನಗೆಗೆಂದು ಅಂದದ್ದು. ನಾನು ಬರೆದುಕೊಂಡೆ.

ಭಾದ್ರಪದದ ಒಂದು ಬುಧವಾರ ಕ್ರೂ ಬೋಗಿ ಬಂದು ಬೇವಿನ ಕೆಳಗೆ ನಿಂತಿತು. ಮಾರ್ನಮಿಗೆ ಇನ್ನು ಹದಿನೈದು ದಿನ. ಇವರ ಟವೆಲು ಕೊಡುವ ನೆಪ ಮಾಡಿಕೊಂಡು, ಶರಣಮ್ಮನನ್ನೂ ಎಳೆದುಕೊಂಡು, ನಡುಹಗಲಲ್ಲಿ ಹೊರಟೆ. ಬಾಗಿಲ ಮೇಲೆ ಸಿಬ್ಬಂದಿಯನ್ನು ಬಿಟ್ಟು ಬೇರೆಯವರು ಹತ್ತಬಾರದೆಂದು ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಓದಲು ಬರುತ್ತದೆಂದು ಕಂಪನಿಯವರಿಗೆ ಗೊತ್ತಿರಲಿಲ್ಲವಾದ್ದರಿಂದ ಓದದವಳಂತೆ ಹತ್ತಿದೆ.

ಒಳಗೆ ಒಲೆಯ ಮುಂದೆ ಡ್ರೈವರ್ ಹುಸೇನಪ್ಪ ಕೂತಿದ್ದರು. ಪೀರಲ ಹಬ್ಬದ, ಎಂದರೆ ಮೊಹರಮ್ಮಿನ, ಹರಕೆಯಿಂದ ಹುಟ್ಟಿದ್ದರಿಂದ ಅವರಿಗೆ ಆ ಹೆಸರು. ಮೇಲ್ ಗಾಡಿಯನ್ನು ನಡುಗಿಸುವ ಆ ಕೈ ಪಲ್ಯದ ಒಗ್ಗರಣೆಗೆ ಸಾಸಿವೆ ಆರಿಸುತ್ತಿತ್ತು. ನಮ್ಮವರು ಹಲಗೆಯ ಮೇಲೆ ತಟ್ಟೆ ಹಿಡಿದು ಕೂತಿದ್ದರು. ನನ್ನನ್ನು ಕಂಡು ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಸಾರು ಅಂಗಿಯ ಮೇಲೆ ಚೆಲ್ಲಿತು.

“ಬರ್ರಿ ಬರ್ರಿ, ಕುಂಡ್ರಿ,” ಎಂದರು ಹುಸೇನಪ್ಪ. “ಏನs ಆಗ್ಲಿ, ಉಂಡು ಬೈಯ್ರಿ. ಉಣದs ಬೈದ್ರ ಜೋರು ಇರಾಂಗಿಲ್ಲ.”

ಉಂಡೆ. ಓದುಗರೇ, ಆ ಬೇಳೆ ಬೆಣ್ಣೆಯಾಗಿತ್ತು. ಸಾರು ಬಾಯಿಗೆ ಬಿದ್ದೊಡನೆ ಕಣ್ಣಲ್ಲಿ ನೀರು ಬಂತು. ರುಚಿಗೂ ಬಂತು, ಹೊಟ್ಟೆಕಿಚ್ಚಿಗೂ ಬಂತು. ಎರಡನೇ ತುತ್ತಿಗೆ ಮಾತ್ರ ಸಂಶಯ ಬಂತು. ಮೂರನೆಯದಕ್ಕೆ ಖಚಿತವಾಯಿತು.

“ಪುಡಿ ಯಾವುದು?” ಎಂದೆ.

ಹುಸೇನಪ್ಪ ಒಗ್ಗರಣೆ ಕಡೆ ತಿರುಗಿದರು. ನಮ್ಮವರು ಕಿಟಕಿ ಕಡೆ ತಿರುಗಿದರು. ನಾನು ಗೂಡಿನಲ್ಲಿದ್ದ ಡಬ್ಬಿ ತೆಗೆದು ಮೂಸಿದೆ. ನಮ್ಮಮ್ಮ ಮಡಕಶಿರದಲ್ಲಿ ಹುರಿದು, ಕುಟ್ಟಿ, ನನಗೆ ಕಟ್ಟಿಕೊಟ್ಟ ಸಾರಿನ ಪುಡಿ! ಮನೆಯ ಡಬ್ಬಿಯಲ್ಲಿ ಪುಡಿ ಇಳಿಯುತ್ತಿರುವುದನ್ನು ನಾನು ಗುರುತಿಸಿದ್ದೆ, ಪ್ರತಿ ಓಟಕ್ಕೆ ಎರಡು ಚಮಚ ಕಡಿಮೆ ಎಂದು ಬರೆದೂ ಇದ್ದೆ. ಇಲಿಯ ಮೇಲೆ ಹಾಕಿದ್ದೆ. ಇಷ್ಟು ದಿನ ನನ್ನನ್ನು ಸೋಲಿಸುತ್ತಿದ್ದ ಸವತಿ ನಾನೇ!

“ಇಲಿ ಸಿಕ್ತು ಕಣಕ್ಕ,” ಎಂದೆ ಶರಣಮ್ಮನಿಗೆ.

“ದೊಡ್ಡದೈತಿ,” ಎಂದಳು ಆಕೆ, ಇವರನ್ನು ಮೇಲಿಂದ ಕೆಳಗೆ ನೋಡಿ.

“ನನ್ನ ತಪ್ಪಿಲ್ರಿ,” ಎಂದರು ಹುಸೇನಪ್ಪ. “ಮೊದಲs ದಿನ ಒಂದು ಚಿಟಿಕಿ ತಂದ. ಆಮ್ಯಾಗ ಇಡೀ ಮೇಲ್ ಗಾಡಿ ಅದರ ಮ್ಯಾಲs ಓಡಾಕಹತ್ತೈತಿ.”

ಬೈಯಲು ಬಂದವಳಿಗೆ ಬೈಗುಳ ಮರೆತುಹೋಯಿತು. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಪುಡಿ ನನ್ನದು. ಬೇಳೆ? ಅದೇ ಶೆಟ್ಟಿಯ ಅಂಗಡಿಯದು. ಇದ್ದಲು ನಾನೂ ಉರಿಸಿ ನೋಡಿದ್ದೆ. ಹಾಗಾದರೆ ಉಳಿದದ್ದೇನು? ಕಣ್ಣು ಅವರ ಚಹಾದ ಕೆಟಲ್ ಮೇಲೆ ಬಿತ್ತು. ಮುಚ್ಚಳ ತೆಗೆದೆ. ಹೊರಗೆ ಮಸಿ, ಒಳಗೆ ಹೊಸದರಂತೆ ಹೊಳಪು. ನನ್ನ ಮನೆಯ ಕೆಟಲ್ಲಿನ ಒಳಗೆ ಆರು ತಿಂಗಳಿಗೆ ಗೋಡೆಗೆ ಬಳಿದಂತೆ ಬಿಳಿಯ ಪದರ ಕಟ್ಟಿತ್ತು, ಕೆರೆದರೂ ಹೋಗುತ್ತಿರಲಿಲ್ಲ.

“ಇದನ್ನ ಎಷ್ಟು ದಿನಕ್ಕೊಂದು ಸಲ ಉಜ್ಜುತೀರಿ?”

“ಕೆಟಲ್ ಯಾರು ಉಜ್ಜತಾರ್ರಿ?” ಹುಸೇನಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಇದರಾಗ ಹಗರಿ ಹೊಳಿ ನೀರು. ಅಲ್ಲಿ ಇಂಜಿನ್‌ಗೆ ನೀರು ಕುಡಿಸುವಾಗ ನಮ್ಮ ತೊಟ್ಟಿಗೂ ತುಂಬಿಸ್ಕೊಂತೀವಿ. ನಿಮ್ಮ ಓಣಿ ಬಾವಿ ನೀರು ಗಡಸು. ಆ ನೀರು ಇಂಜಿನ್‌ಗೆ ಹಾಕಿದ್ರ ಬಾಯ್ಲರ್ ಒಳಗ ಸುಣ್ಣ ಕಟ್ಟಿ, ಎಷ್ಟು ಇದ್ದಲು ಹಾಕಿದ್ರೂ ಕಾಯಂಗಿಲ್ಲ. ಇಂಜಿನ್ ಅದನ್ನ ಮುಟ್ಟಂಗಿಲ್ರಿ. ಬರುವಾಗs ಹೊಟ್ಟಿ ತುಂಬ ಕುಡಕೊಂಡು ಬರತೈತಿ.”

ಇಂಜಿನ್ನೂ ಹಾಗೆಯೇ, ಇವರೂ ಹಾಗೆಯೇ. ನಾನು ಇವರ ಕಡೆ ತಿರುಗಿದೆ.

“ನಿಮಗಿದು ಗೊತ್ತಿತ್ತಾ?”

“ಫೈರ್‌ಮನ್‌ಗೆ ಗೊತ್ತಿರದs ಇರತೈತಾ? ಸುಣ್ಣ ಕೆತ್ತಾವ್ನs ನಾನು.”

“ಇಂಜಿನ್‌ಗೆ ಆಗದ ನೀರು ಹೆಂಡ್ತಿಗೆ ಆಗ್ತೈತಾ?”

ಇವರು ಅಂಗಿಯ ಮೇಲಿನ ಸಾರು ಒರೆಸಿಕೊಂಡರು. “ನೀರು ಬಾಯ್ಲರ್‌ನ್ಯಾಗ ಇದ್ರ ನೆನಪಾಗತೈತಿ,” ಎಂದರು. “ಪಾತ್ರಿಯೊಳಗ ಇದ್ರ ನೆನಪಾಗಂಗಿಲ್ಲ.”

ಇಂಥ ಪ್ರಾಮಾಣಿಕ ಉತ್ತರಕ್ಕೆ ಏನು ಮಾಡುವುದು? ನಾನು ಶರಣಮ್ಮನನ್ನು ನೋಡಿದೆ. ಆಕೆ ಬಾಯಿಗೆ ಸೆರಗು ಹಿಡಿದಿದ್ದಳು.

“ನಿಂಗೂ ಗೊತ್ತಿತ್ತೇನಕ್ಕ?”

“ಓಣಿಗೆಲ್ಲಾ ಗೊತ್ತೈತಿ ತಂಗೀ. ಬ್ಯಾಳಿ ದಿನ ನಾವು ಕೋಟಿ ಗುಡ್ಡದ ಕೆಳಗಿನ ಮಳಿನೀರಿನ ಹೊಂಡಕ್ಕ ಹೋಗಿ ಒಂದು ಕೊಡ ತರ್ತೀವಿ. ನೀ ಶಾಲಿ ಮೇಷ್ಟ್ರ ಮಗಳು, ದಿನಾ ಏನೇನೋ ಬರಕೊಂತ ಕುಂತಿರ್ತೀ. ನಿನಗ ಇಷ್ಟು ಗೊತ್ತಿಲ್ಲಂತ ನಮಗ ಹೆಂಗ ಗೊತ್ತಾಗಬೇಕು?”

ಇಪ್ಪತ್ತಾರು ಪರೀಕ್ಷೆ ಮಾಡಿದ್ದೆ. ಒಂದೇ ಒಂದು ಸಲ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು. ಕೇಳುವುದಕ್ಕೆ ಪುಸ್ತಕದಲ್ಲಿ ಖಾನೆ ಇರಲಿಲ್ಲ.

ಮಾರ್ನಮಿಯ ಹಿಂದಿನ ದಿನ ಬೋಗಿ ಬಂತು. ಹುಸೇನಪ್ಪ ಕೊಟ್ಟ ಒಂದು ತಗಡಿನ ಕೊಡ ತುಂಬ ಹಗರಿ ನೀರನ್ನು ಇವರು ಹೆಗಲ ಮೇಲೆ ಹೊತ್ತುಕೊಂಡು ಸ್ಟೇಷನ್ನಿನ ಜನರೆಲ್ಲರ ಎದುರು ನಡೆದು ಬಂದರು. ಪುಡಿ ಕದ್ದದ್ದಕ್ಕೆ ಅದು ದಂಡ. ಆ ನೀರಿನಲ್ಲಿ ಬೇಳೆ ಬೇಯಿಸಿ, ಅತ್ತೆಗೆ ಬಡಿಸಿ, ಗೆದ್ದು ಸುಮ್ಮನಿರಬಹುದಿತ್ತು. ಒಳ್ಳೆಯ ಸೊಸೆಯಾಗಿದ್ದರೆ ಹಾಗೆಯೇ ಮಾಡುತ್ತಿದ್ದಳು. ನನಗೆ ಆ ಮೂರು ತಾಸಿನ ಬೇಳೆಗಳು, ಅತ್ತ ಎರಡು ಸಲ, ‘ಪುಸ್ತಕ ಓದಿಸಾಕs ಹೊತ್ತು ಸಾಲಲಿಲ್ಲ’ ಎಂಬ ಮಾತು, ಎಲ್ಲ ತಾರೀಖಿನ ಸಮೇತ ನೆನಪಿದ್ದವು.

ಬೆಳಿಗ್ಗೆ ಅತ್ತೆ ಬಂದು ಕಂಬಕ್ಕೆ ಒರಗಿ ಕೂತೊಡನೆ ಕಾಲು ಮುಟ್ಟಿ ನಮಸ್ಕರಿಸಿ, “ಅತ್ತೆ, ನಾನು ಎಷ್ಟು ಮಾಡಿದರೂ ಕಲೀಲಿಲ್ಲ. ನೀವೇ ಒಂದ್ಸಲ ಬೇಯಿಸಿ ತೋರಿಸಿ. ನೋಡಿ ಕಲಿತೀನಿ. ನಾನು ಹಿತ್ತಲ ಒಲೆ ಮೇಲೆ ನಿಮ್ಮ ಹಂಗೇ ಮಾಡ್ತೀನಿ” ಎಂದೆ. ಧ್ವನಿಯಲ್ಲಿ ಜೇನು ಹಾಕಿದ್ದೆ.

ಅತ್ತೆಯ ನೇಮ ಗಟ್ಟಿ, ಆದರೆ ಹೊಗಳಿಕೆಯ ಮುಂದೆ ನೇಮ ಎಷ್ಟು ಹೊತ್ತು ನಿಂತೀತು? ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತರು. ಒಂದೇ ಅಂಗಡಿಯ ಬೇಳೆಯನ್ನು ಎರಡು ಭಾಗ ಮಾಡಿದೆ. ಅವರ ಪಾತ್ರೆಗೆ ಬಾವಿಯ ನೀರು, ಹಿತ್ತಲಿನ ನನ್ನ ಪಾತ್ರೆಗೆ ತಗಡಿನ ಕೊಡದ ನೀರು. ಇವರು ಉಯ್ಯಾಲೆಯ ಮೇಲೆ ಎರಡೂ ಒಲೆ ಕಾಣುವಂತೆ ಕೂತಿದ್ದರು. ಯಾರೂ ತೂಗದಿದ್ದರೂ ಉಯ್ಯಾಲೆ ನಡುಗುತ್ತಿತ್ತು.

ಒಂದು ತಾಸಾಯಿತು. “ಈಗ ನೋಡು,” ಎಂದರು ಅತ್ತೆ. ನೋಡಿದೆವು. ಬೇಳೆಗಳು ಲಗಾಟಿ ಹೊಡೆಯುತ್ತಿದ್ದವು. ಎರಡು ತಾಸಾಯಿತು. ಅತ್ತೆ ಶೆಟ್ಟಿಯನ್ನು ಬೈದರು. ಸೌದೆಯನ್ನು ಬೈದರು. ಪಾತ್ರೆಯ ತಳವನ್ನು ಬೈದರು. ನಾನು ಮಾಡಿದ ಪರೀಕ್ಷೆಗಳನ್ನೆಲ್ಲ ಅದೇ ಕ್ರಮದಲ್ಲಿ ಬಾಯಲ್ಲೇ ಮುಗಿಸಿದರು. ಮೂರು ತಾಸಾಗುವ ಹೊತ್ತಿಗೆ ಅವರ ಮುಖ ಹೊಗೆಗೆ ಕೆಂಪಾಗಿ, ಮೂಗಿನ ತುದಿಯಿಂದ ಬೆವರು ಹನಿಯುತ್ತಿತ್ತು. ಆಗ ನನಗೆ ನಗು ನಿಂತಿತು. ಮೂರು ತಾಸು ಒಲೆ ಊದಿದವಳ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಕನ್ನಡಿಯಲ್ಲಿ ದಿನವೂ ಕಂಡಿದ್ದೆ.

ಅತ್ತೆ ಎದ್ದು ಹಿತ್ತಲಿಗೆ ನಡೆದರು. ನನ್ನ ಪಾತ್ರೆಯ ಮುಚ್ಚಳ ತೆಗೆದರು. ಬೇಳೆ ಯಾವಾಗಲೋ ಕರಗಿ ಹಳದಿ ಗಂಜಿಯಾಗಿತ್ತು. ಬೆರಳದ್ದಿ ನೋಡಿದರು. ಆಮೇಲೆ ಮೂಲೆಯ ಕೊಡದ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಈ ಕೊಡ ನಮ್ಮನ್ಯಾಗಿಂದಲ್ಲ. ಕಂಪನಿ ಮುದ್ರಿ ಐತಿ.”

ನಾನು ಅವರ ಪಕ್ಕದಲ್ಲೇ ಕೂತೆ. ಎಲ್ಲ ಹೇಳಿಬಿಟ್ಟೆ. ಬಾವಿಯ ನೀರು, ಹಗರಿಯ ನೀರು, ಕೆಟಲ್. ಪುಡಿಯ ವಿಷಯ ಮಾತ್ರ ಹೇಳಲಿಲ್ಲ. ಇವರ ಮುಖ ನೋಡಿ ಕರುಣೆ ಬಂತು. ಬೇಕೆಂದೇ ನಿಮ್ಮನ್ನು ಒಲೆಯ ಮುಂದೆ ಕೂರಿಸಿದೆ ಎಂಬುದನ್ನೂ ಹೇಳಿದೆ.

ಅತ್ತೆ ಕೊಡದ ಮುದ್ರೆಯನ್ನು ಬೆರಳಿನಿಂದ ತಿಕ್ಕಿದರು. ಆಮೇಲೆ ಕೇಳಿದರು:

“ನಾ ಏನಂದಿದ್ದೆ?”

“ಮಾರ್ನಮಿಗೆ ಬೇಳೆ ಬೇಯದಿದ್ರೆ...”

“ಪೂರಾ ಹೇಳು.”

“ಬೇಳೆ ಬೇಯಿಸಾಕ ಬರದಾಕಿ ತವರಿಗೆ.”

“ಇವತ್ತು ಒಲಿ ಮುಂದ ಕುಂತಾಕಿ ಯಾರು?”

“ನೀವು.”

“ಬೆಂತಾ?”

“ಇಲ್ಲ.”

“ಹಂಗಾರ ತವರಿಗೆ ಹೋಗಾಕಿ ನಾನs.”

ಇವರು ಉಯ್ಯಾಲೆಯಿಂದ ಹಾರಿ ಇಳಿದರು. “ಅವ್ವಾ, ಅದು ನೀರಿಂದ...”

“ಸುಮ್ನಿರಲೇ! ಆಡಿದ ಮಾತು ಆಡಿದ್ದು. ಕುರಿ ನಿಮ್ಮಣ್ಣ ನೋಡ್ಕೊಂತಾನ. ನಾ ರತ್ನಗಿರಿಗೆ ಹೋಗಿ ಒಂಬತ್ತು ವರ್ಷ ಆತು. ಪ್ರತಿ ವರ್ಷ ಒಂದು ಕುರಿ ಈಯತೈತಿ, ಒಂದು ಮಳಿ ಬರತೈತಿ, ಇಲ್ಲಾಂದ್ರ ಬರಂಗಿಲ್ಲ. ಯಾವದಕ್ಕೂ ನಾನs ಬೇಕು. ಈಗ ಹೇಳ್ರಿ, ಬ್ಯಾಡ ಅನ್ನಾವ್ರು ಯಾರದೀರಿ?” ಸೆರಗಿನಲ್ಲಿ ಮುಖದ ಬೆವರು ಒರೆಸಿಕೊಂಡರು. ಸೆರಗು ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು, ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು.

ಹಬ್ಬದ ಮರುದಿನವೇ ಗಂಟು ಕಟ್ಟಿ ಹೊರಟರು. ಬಳ್ಳಾರಿ, ಗುಂತಕಲ್ಲು, ಹಿಂದೂಪುರ, ಅಲ್ಲಿಂದ ಮಡಕಶಿರದ ದಾರಿ. ನಮ್ಮ ಕವಲು ಗಾಡಿಯ ತುದಿಗೆ ಕ್ರೂ ಬೋಗಿಯೂ ಇತ್ತು. ಹುಸೇನಪ್ಪ ಬಾಗಿಲಲ್ಲಿ ನಿಂತು, “ಬರ್ರಿ ಅವ್ವಾರ, ಸಾರು ಕುಡದು ಹೋಗ್ರಿ” ಎಂದು ಕೂಗಿದರು. ಅತ್ತೆ, “ನಿಮ್ಮ ಸಾರು ನಾ ಬಲ್ಲೆ. ಪುಡಿ ನಮ್ಮನಿದು” ಎಂದು ಗಂಡಸರೆಲ್ಲರನ್ನೂ ತಲೆ ತಗ್ಗಿಸುವಂತೆ ಮಾಡಿ ಮುಂದಿನ ಡಬ್ಬಿ ಹತ್ತಿದರು. ಅದನ್ನು ಅವರಿಗೆ ಹೇಳಿದ್ದು ಯಾರು ಎಂದು ಇವರು ನನ್ನನ್ನು ನೋಡಿದರು. ನಾನಲ್ಲ. ಬೆಳೆದ ಮಗನ ಮೀಸೆಯನ್ನು ಮೂಸಿ ನೋಡುವ ಹಕ್ಕು ತಾಯಿಗೆ ಇದ್ದೇ ಇರುತ್ತದೆ.

ಒಂದು ತಿಂಗಳು ಅತ್ತೆಯ ಸುದ್ದಿಯೇ ಇಲ್ಲ. ಆಮೇಲೆ ಅಪ್ಪನಿಂದ ಒಂದು ಕಾರ್ಡು ಬಂತು. ಅಪ್ಪನದು ಯಾವಾಗಲೂ ಚಿಕ್ಕ ಅಕ್ಷರ, ಒತ್ತಾದ ಸಾಲು. ‘ಕ್ಷೇಮ. ನಿನ್ನ ಅತ್ತೆಯವರು ರತ್ನಗಿರಿಯಲ್ಲಿ ಹದಿನೈದು ದಿನ ಇದ್ದು, ಹಿಂದಿರುಗುವಾಗ ನಮ್ಮಲ್ಲಿಗೂ ಬಂದರು. ಎರಡು ದಿನ ಎಂದವರು ಒಂಬತ್ತು ದಿನ ಇದ್ದರು. ಬಹಳ ಸಂತೋಷವಾಗಿದ್ದಾರೆ. ದಿನವೂ ತಾವೇ ಒಲೆಯ ಮುಂದೆ ಕೂರುತ್ತಿದ್ದರು, ಬೇಡವೆಂದರೂ ಕೇಳಲಿಲ್ಲ. ನಿನ್ನ ಅಮ್ಮನಿಗೆ ಬೇಳೆ ಬೇಯಿಸುವುದು ಹೇಗೆಂದು ಕಲಿಸಿಕೊಟ್ಟು ಹೋಗಿದ್ದಾರೆ.’